ಟೊಮೆಟೊ ಗಿಡಕ್ಕೆ ಹಚ್ಚಿದ ವಿಭೂತಿ

"ಇದೇನ್ ಮೇಡಂ, ಎಲ್ರಿಗೂ ಒಂದೊಂದೇ ಗೆರೆ ವಿಭೂತಿ? ನಮ್ಮಲ್ಲಿ ಮೂರು ಎಳೀತೀವಪ್ಪಾ!"

ಲ್ಯಾಬಿನ ನೆಲ ಒರೆಸುತ್ತಿದ್ದ ಸಿದ್ದಗಂಗಮ್ಮ ಒದ್ದೆ ಬಟ್ಟೆ ಹಿಡಿದುಕೊಂಡೇ ಪರದೆಯತ್ತ ಇಣುಕಿದ್ದರು. ಪರದೆಯ ಕಪ್ಪಿನೊಳಗೆ ಇಪ್ಪತ್ತನಾಲ್ಕು ಬಿಳಿ ಗೆರೆಗಳು, ನೀರಿನ ತಳದಲ್ಲಿ ಯಾರೋ ದೀಪ ಹಚ್ಚಿಟ್ಟ ಹಾಗೆ ಮಿನುಗುತ್ತಿದ್ದವು.

"ವಿಭೂತಿ ಅಲ್ಲಮ್ಮಾ, ಟೊಮೆಟೊ ಗಿಡಗಳ ಡಿಎನ್‌ಎ," ಪ್ರೇರಣಾ ನಕ್ಕಳು. "ಗೆರೆ ಮೇಲೆ ಬಂದ್ರೆ ಎಲೆ ಮುದುಡೋ ರೋಗ ತಾಗಲ್ಲ. ಕೆಳಗೆ ಬಂದ್ರೆ ತಾಗತ್ತೆ. ಸಸಿಯಲ್ಲೇ ಚೂರು ಎಲೆ ಕಿತ್ತು ಹೇಳ್ಬಿಡ್ಬೋದು."

"ಹುಟ್ಟಿದ್ ಕೂಡ್ಲೇ ಜಾತಕ ಬರ್ದಂಗೆ!"

"ಹೂಂ. ಎರಡು ಗಿಡದ ಜಾತಕ ಮಾತ್ರ ಸುಳ್ಳಾಗಿದೆ."

ಆರನೇ ನಂಬರಿಗೆ ಮೇಲಿನ ಗೆರೆ. ಗಿಡ ನೋಡಿದರೆ ಸುಟ್ಟ ಹಪ್ಪಳದಂತೆ ಮುದುಡಿದೆ. ಏಳಕ್ಕೆ ಕೆಳಗಿನ ಗೆರೆ. ಅದೋ ತಾರಸಿಯ ಮೇಲೆ ಹಸಿರು ಉಕ್ಕಿಸುತ್ತ ನಿಂತಿದೆ. ಈ ಗೆರೆ, ಬನಶಂಕರಿಯ ಈ ಪುಟ್ಟ ಬೀಜದ ಲ್ಯಾಬಿನಲ್ಲಿ ಪ್ರೇರಣಾ ಮೂರು ವರ್ಷ ಹುಡುಕಿ ಹಿಡಿದ ಗುರುತು. ಸೋಮವಾರ ಲ್ಯಾಬಿನ ಮುಖ್ಯಸ್ಥ ಚಿದಾನಂದ್ ಸಾರ್ ಮುಂದೆ ಇದು ನಿಜ ಅನ್ನಬೇಕು, ಇಲ್ಲವೇ ಕೈಬಿಡಬೇಕು. ಮೊದಲು ಎಲೆಗಳಿಂದ ತೆಗೆದಿಟ್ಟ ಡಿಎನ್‌ಎಯನ್ನೇ ಎರಡು ಸಲ ಮತ್ತೆ ಪರೀಕ್ಷೆಗೆ ಹಾಕಿದ್ದಳು, ಅದೇ ಗೆರೆಗಳು. ವಾರದಿಂದ ಬಸ್ಸಿನ ಕಿಟಕಿಯಾಚೆಗೂ ಅವೇ ತೇಲುತ್ತಿದ್ದವು. ಇಳಿಯಬೇಕಾದ ಪದ್ಮನಾಭನಗರದ ಸ್ಟಾಪು ದಾಟಿದ್ದೂ ತಿಳಿಯುತ್ತಿರಲಿಲ್ಲ.

ಸಿದ್ದಗಂಗಮ್ಮನವರ ನಗು ಆರಿತ್ತು. "ಮೇಡಂ, ಬೈಬಾರ್ದು."

"ಏನಮ್ಮಾ?"

"ಆಯುಧಪೂಜೆ ದಿನ ಮೆಷಿನ್ನಿಗೆಲ್ಲ ವಿಭೂತಿ ಹಚ್ಚಿದ್ನಲ್ಲ, ಗಿಡಗಳು ಏನ್ ಪಾಪ ಮಾಡಿದ್ವು ಅಂತ ಮೇಲಕ್ಕೂ ಹೋದೆ. ಒಂದೊಂದೇ ನಂಬರ್ ಪಟ್ಟಿ ಕಿತ್ತು, ತೊಳ್ದು, ಹಿಂದ್ಗಡೆ ಮೂರು ಗೆರೆ ಎಳ್ದು ಸಿಗ್ಸಿದೆ. ಟ್ಯಾಂಕಿನ ಪಕ್ಕದವೆರಡು ಕೈಜಾರಿ ಒಟ್ಟಿಗೇ ಬಿದ್ವು. ಅಂದಾಜಲ್ಲಿ ನೆಟ್ಟೆ."

ಟ್ಯಾಂಕಿನ ಪಕ್ಕದವು ಆರು, ಏಳು. ಎಲೆ ಕಿತ್ತದ್ದು ಹಬ್ಬಕ್ಕೆ ಮುಂಚೆ. ಯಾವ ನಂಬರಿಗೆ ರೋಗ ಅಂತ ಬರೆದುಕೊಂಡದ್ದು ಹಬ್ಬ ಕಳೆದ ಮೇಲೆ. ಪ್ರೇರಣಾಗೆ ಮೈ ಹಗುರಾಗಿ, ಕೂತಲ್ಲೇ ತೇಲಿದಂತಾಯಿತು. ಆದರೂ ತಡೆದುಕೊಂಡಳು.

"ಗಿಡಗಳನ್ನೇ ಕೇಳೋಣ, ಬನ್ನಿ."

ಇಬ್ಬರೂ ತಾರಸಿ ಹತ್ತಿ ಎರಡು ಹೊಸ ಎಲೆ ತಂದರು. ಸಂಜೆಯ ಹೊತ್ತಿಗೆ, ಕಪ್ಪು ಪರದೆಯಲ್ಲಿ ಎರಡು ಗೆರೆಗಳು ಮೂಡಿದವು: ಹಸಿರು ಗಿಡದ್ದು ಮೇಲೆ, ಮುದುಡಿದ್ದರದ್ದು ಕೆಳಗೆ.

"ಏನಂತವೆ ಮೇಡಂ?"

"ನಿಮ್ಮ ಅಂದಾಜು ತಪ್ಪು ಅಂತಿವೆ."

"ಅಯ್ಯೋ ಶಿವನೇ! ನಿಮ್ದು?"

"ಸರಿ ಅಂತಿವೆ ಕಣಮ್ಮಾ!"

ಸಿದ್ದಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ತಾರಸಿಗೆ ಹೋದರು. ಟ್ಯಾಂಕಿನ ಪಕ್ಕದ ಎರಡು ಪಟ್ಟಿಗಳನ್ನೂ ಕಿತ್ತು, ಈ ಸಲ ಎರಡು ಕೈಯಲ್ಲಿ ಒಂದೊಂದು ಬಿಗಿಯಾಗಿ ಹಿಡಿದು, ಅದಲುಬದಲು ಮಾಡಿ ನೆಟ್ಟರು.