ಸುಲಿಯುವ ಬಯಲು

“ಕಿವ್ಯಾಗ ಹತ್ತಿ ತುರುಕ್ಕೊಂಡೀ ಏನ ರಂಡೆ? ಆಕಳ ಸತ್ತು ನಾರ್ಲಿಕ್ಕತ್ತದ. ಎಳಕೊಂಡು ಹೋಗಂದ್ರ ಗೊಂಬಿ ಹಂಗ ನಿಂತೀದಿ!”

ಪ್ರಹ್ಲಾದರಾಯರು ಮೂಗಿಗೆ ಉತ್ತರೀಯ ಹಿಡಿದು ಹಿಂದಿನ ಜಗುಲಿಯ ಮೇಲಿಂದಲೇ ಅರಚಿದರು. ಹಿತ್ತಲಲ್ಲಿ ಬಿದ್ದಿದ್ದ ಆಕಳ ಹತ್ತಿರ ಸುಳಿಯಲೂ ಅವರಿಗೆ ಮೈಲಿಗೆ. ಹಾಲು ಕೊಡುವಾಗ ಗೋಮಾತೆ, ಸತ್ತ ಮೇಲೆ ಕೇರಿಯವರ ಪಾಲು. ಎಂಥ ಚೆಂದದ ಪದ್ಧತಿ!

“ಎಲ್ಲಿಗೆ ಎಳೀಲ್ರಿ ಧಣೇರ?” ಎಂದಳು ಹುಲುಗಮ್ಮ.

ಕೇಳಿದ್ದರಲ್ಲಿ ತಪ್ಪೇನಿತ್ತು? ಕೇರಿಯವರು ದನ ಸುಲಿಯುತ್ತಿದ್ದ ಬಯಲನ್ನು ಯುದ್ಧದ ಕಾಲದಲ್ಲಿ ವಿಮಾನ ಇಳಿಯಲೆಂದು ಸರಕಾರ ಕಸಿದುಕೊಂಡಿತು. ಕೇರಿಯನ್ನೂ ಕಿತ್ತು ಆಚೆ ಒಗೆಯಿತು. ಬಿಳಿಯರು ಹೋದರು, ಮುಳ್ಳುತಂತಿ ಉಳಿಯಿತು. ಸುತ್ತಲ ಜೋಳದ ಹೊಲಗಳಲ್ಲಿ ಬಳ್ಳಾರಿಯ ವಕೀಲರು, ಸಿರುಗುಪ್ಪದ ಅಕ್ಕಿ ಗಿರಣಿ ಸಾವಕಾರರು ಬಂಗಲೆ ಎಬ್ಬಿಸಿದರು. ಅವಕ್ಕೆಲ್ಲ ಕಲ್ಲು ಹೊತ್ತವಳು ಹುಲುಗಮ್ಮ.

“ಹಳೇ ಬಯಲಿಗೇ ಎಳಿ. ಮತ್ತ ನನ್ನ ತಲಿ ಮ್ಯಾಲ ಎಳೀತೀ ಏನು?”

“ಅಲ್ಲಿ ಸುಲಿದ್ರ ಹದ್ದು ಬಂದು ಇಮಾನಕ್ಕ ಬಡೀತಾವಂತ ಕಾವಲಿನವ್ರು ನನ್ ಗಂಡನ ಕಾಲು ಮುರುದಾರ್ರಿ. ಆವತ್ತೂ ನಿಮ್ಮ ಎಮ್ಮೀನ ಎಳದಿದ್ದ.”

“ಅದೆಲ್ಲ ನನಗ್ಯಾಕ? ಹೊತ್ತು ಮುಳುಗೂದ್ರಾಗ ಎತ್ತಲಿಲ್ಲಂದ್ರ ನಿನ್ನ ಗುಡಿಸಲ ಕೀಳಸ್ತೀನಿ. ನನ್ನ ಜಾಗದಾಗ ಬಿದ್ದೀರಿ, ನೆನಪಿರಲಿ.”

ಹುಲುಗಮ್ಮ ಗುಡಿಸಲ ಕಡೆ ನೋಡಿದಳು. ಗಂಡ ಉಚ್ಚೆಂಗೆಪ್ಪ ಆ ಗುಡಿಸಲಲ್ಲೇ ನರಳುತ್ತ ಬಿದ್ದಿದ್ದ. ಎಳೆದರೆ ಲಾಠಿ, ಎಳೆಯದಿದ್ದರೆ ಬೀದಿ. ಥೂ, ಇದೂ ಒಂದು ಬಾಳೇ!

ಜೊತೆಗೆ ಬಂದಿದ್ದ ಮೈದುನ ಓಬಣ್ಣ ಎಳೆಯಲು ತಂದ ಹಗ್ಗ ಬಿಚ್ಚುತ್ತ, “ನಡಿ ಅತ್ತಿಗಿ, ಮೋಕ ಊರಿನ ದಾರಿ ಹಿಡಿದು ದೂರ ಎಳಿಯೂಣು” ಎಂದ.

“ಆ ದಾರ್ಯಾಗೂ ಬಂಗಲೆ ಎದ್ದಾವಲೇ. ಯಾರ ಮನಿ ಮುಂದ ಎಳದ್ರೂ ಕಲ್ಲು ಬೀಳ್ತಾವ.”

ಹಗ್ಗವನ್ನು ಕಸಿದು ಅತ್ತ ಒಗೆದಳು. ಓಬಣ್ಣನ ನಡುವಿನಲ್ಲಿದ್ದ ಗಂಡನ ಬಾಕು ತೆಗೆದಳು. ಕೇರಿಯಲ್ಲಿ ಹೆಂಗಸರು ಬಾಕು ಹಿಡಿದು ಸುಲಿದದ್ದಿಲ್ಲ. ಸೆರಗು ಬಿಗಿದು, ರಾಯರ ತುಳಸಿಕಟ್ಟೆಯ ಪಕ್ಕದಲ್ಲೇ ಕುಳಿತು ಆಕಳ ಹೊಟ್ಟೆಗೆ ಇಳಿಸಿಯೇಬಿಟ್ಟಳು.

“ಅಯ್ಯಯ್ಯೋ, ಮನಿ ಹಾಳಾತು! ನಿಲ್ಲಸ್ತೀಯೋ ಇಲ್ಲೋ ಹೊಲಸು ಮುಂಡೆ?”

“ಕೆಳಗಿಳಿದು ಬಂದು ನನ್ ಕೈ ಹಿಡೀರಿ ಧಣೇರ, ನಿಲ್ಲಸ್ತೀನಿ.”

ರಾಯರು ಒಂದು ಮೆಟ್ಟಿಲಿಳಿದರು. ಆಕೆಯ ಮೊಣಕೈತನಕ ಮೆತ್ತಿದ್ದ ರಕ್ತ ನೋಡಿ ಮತ್ತೆ ಹತ್ತಿದರು.

“ಗುಡಿಸಲಕ್ಕ ಬೆಂಕಿ ಇಡಸ್ತೀನಿ!”

“ಇಡಸ್ರಿ. ಕಾಲು ಮುರುದ ಗಂಡನ್ನ ಹೊತ್ತು ತಂದು ನಿಮ್ಮ ಜಗುಲಿ ಮ್ಯಾಲ ಮಲಗಸ್ತೀನಿ. ಇನ್ನ ಎಲ್ಲಿಗೂ ಹೋಗಂಗಿಲ್ಲ ನಾವು.”

ರಾಯರು ಒಳಗೋಡಿದರು. ಅಗಳಿ ಬಿದ್ದ ಸದ್ದಾಯಿತು. ಬೆಪ್ಪಾಗಿ ನಿಂತಿದ್ದ ಓಬಣ್ಣ ಬಂದು ಅವಳೆದುರು ಕುಳಿತ.

“ತೊಗಲ ಎಳದು ಹಿಡಿಯೋ,” ಎಂದಳು ಹುಲುಗಮ್ಮ, “ಇನ್ನೊಂದು ಮಗ್ಗಲ ಐತಿ.”