ತಣ್ಣಗಾಗಬೇಕಿದ್ದ ಕಾಫಿ

ಹನ್ನೆರಡು ಬಟ್ಟಲಿಗೆ ಕಾಫಿ ಸುರಿದವನು ನಾನೇ. ಹಿಡಿಯಿಲ್ಲದ ಪುಟ್ಟ ಬಟ್ಟಲುಗಳು, ಒಂದೊಂದರ ತಳದಲ್ಲಿ ಎರಡೇ ಗುಟುಕು, ಸಕ್ಕರೆ ಸೋಕದ ಕಹಿ. ಬಂದಿದ್ದ ಹನ್ನೆರಡು ಗಂಡಸರೂ ಅದನ್ನು ಬಲಗೈಯಲ್ಲಿ ತೆಗೆದುಕೊಂಡರು, ಮುಂದಿನ ಮೇಜಿನ ಮೇಲಿಟ್ಟರು, ಕೈ ಹಿಂದಕ್ಕೆಳೆದುಕೊಂಡು ಕೂತರು. ನಮ್ಮಲ್ಲಿ ಏನನ್ನಾದರೂ ಕೇಳಿಕೊಂಡು ಬಂದವರು ಹಾಗೇ ಕಾಫಿ ಮುಟ್ಟುವುದಿಲ್ಲ. ಮನೆಯ ಹಿರಿಯ "ಕುಡೀರಿ, ನೀವು ಕೇಳಿದ್ದು ನಿಮ್ಮದು" ಅನ್ನಬೇಕು, ಆಮೇಲೆ. ಅನ್ನದಿದ್ದರೆ ಕಾಫಿ ತಣ್ಣಗಾಗುತ್ತದೆ, ಬಂದವರು ಎದ್ದು ಹೋಗುತ್ತಾರೆ.

ಹಿಂದಿನ ಸಂಜೆ ಅಡುಗೆಮನೆಯಲ್ಲಿ ಅಮ್ಮ ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು.

"ತಣ್ಣಗಾಗಬೇಕು. ಕಲ್ಲಾಗಬೇಕು ಆ ಕಾಫಿ."

"ಆಯ್ತು," ಅಂದಿದ್ದ ಅಪ್ಪ, ಗೋಡೆ ನೋಡುತ್ತ.

"ನನ್ ಮುಖ ನೋಡಿ ಹೇಳು."

"ಆಯ್ತು ಅಂದ್ನಲ್ಲೇ!"

ನನ್ನ ಅಣ್ಣ ಜವಾದ್ ಸತ್ತು ಅವತ್ತಿಗೆ ನಲವತ್ತೆರಡು ದಿನ. ಗಲಿಲಿಯ ಗುಡ್ಡದ ಬುಡದಲ್ಲಿ ನಮ್ಮೂರು, ಅರಬ್ಬರ ಊರು; ಊರ ನಡುವೆ ನಮ್ಮ ಬೇಕರಿ. ಶುಕ್ರವಾರ, ಮಧ್ಯಾಹ್ನ ನಾಲ್ಕು ಗಂಟೆ. ಅವನು ಅಂಗಡಿ ಮುಂದೆ ಬಿಸಿ ರೊಟ್ಟಿಯ ಹಲಗೆ ಜೋಡಿಸುತ್ತಿದ್ದ. ಬೈಕು ಬಂತು, ಐದು ಗುಂಡು, ಬೈಕು ಹೋಯಿತು. ಯಾಕೆಂದು ಊರಿಗೆಲ್ಲ ಗೊತ್ತು. ಅಂಗಡಿ ಅಂಗಡಿಗೂ ಹೋಗಿ "ಕಾವಲು" ಹೆಸರಲ್ಲಿ ವಸೂಲಿ ಮಾಡುವ ಹುಡುಗರಿಗೆ ಜವಾದ್ ಕೊಡುವುದಿಲ್ಲ ಅಂದಿದ್ದ. ಅಷ್ಟಕ್ಕೇ ನಿಲ್ಲದೆ, ಕೂಡುರಸ್ತೆಯಲ್ಲಿ ನಡೆದ ಪ್ರತಿಭಟನೆಯಲ್ಲಿ ಮೈಕು ಹಿಡಿದು ಪೊಲೀಸರಿಗೆ ಹೇಳಿದ್ದ: "ಮೇಲಿನ ಯಹೂದಿ ಪಟ್ಟಣದಲ್ಲಿ ಒಂದು ಗುಂಡು ಹಾರಿದ್ರೆ ಸಂಜೆಯೊಳಗೆ ಹಿಡೀತೀರಿ. ನಮ್ಮೂರಲ್ಲಿ ಬಂದೂಕನ್ನ ಟೊಮೆಟೊ ಥರ ಮಾರ್ತಾರೆ. ನಿಮ್ ಕಣ್ಣಿಗೇನಾಗಿದೆ?"

ಅವನು ಸತ್ತ ದಿನ ಪೊಲೀಸರು ಬಂದರು, ರಸ್ತೆಗಡ್ಡ ಪಟ್ಟಿ ಕಟ್ಟಿದರು, ಗುಂಡಿನ ಚಿಪ್ಪು ಹೆಕ್ಕಿದರು, ಹೋದರು. ಮೂರು ವಾರಕ್ಕೆ ಹೀಬ್ರೂವಿನಲ್ಲಿ ಕಾಗದ ಬಂತು. ಆರೋಪಿ ಅಪರಿಚಿತ, ಕಡತ ಮುಚ್ಚಲಾಗಿದೆ. ನನ್ನ ಚಿಕ್ಕಪ್ಪ ಆಡು ಕಟ್ಟಲು ನಾಲ್ಕು ತಗಡು ಹೊದಿಸಿದಾಗ ಮೂರೇ ದಿನದಲ್ಲಿ ಡ್ರೋನು ಬಂದು ಫೋಟೋ ತೆಗೆದಿತ್ತು. ಪರವಾನಗಿ ಇಲ್ಲ, ಕೆಡವಿ ಎಂಬ ಆದೇಶ ಬಾಗಿಲಿಗೆ ಅಂಟಿತ್ತು. ತಗಡು ಕಾಣುತ್ತದೆ ಇವರಿಗೆ. ಹೆಣ ಕಾಣುವುದಿಲ್ಲ.

ಅಪರಿಚಿತನಂತೆ! ಹೈಸಮ್ ಅವನು, ಕೆಳಗಿನ ಕೇರಿಯವನು. ಒಂಬತ್ತನೇ ತರಗತಿಯಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ. ಇಬ್ಬರೂ ಒಂದೇ ವರ್ಷ ಶಾಲೆ ಬಿಟ್ಟೆವು. ನಾನು ಹಿಟ್ಟಿಗೆ ಕೈ ಹಾಕಿದೆ, ಅವನು ಬೇರೆಯದಕ್ಕೆ. ಬೈಕು ತಿರುಗಿಸುವಾಗ ಬೆವರು ಒರೆಸಿಕೊಳ್ಳಲು ಹೆಲ್ಮೆಟ್ಟಿನ ಗಾಜು ಎತ್ತಿದ್ದ, ಮೂರ್ಖ. ಹಿಟ್ಟಿನ ಮೂಟೆ ಕಳುವಾಗುತ್ತಿದೆಯೆಂದು ನಾನು ಬುಟ್ಟಿಗಳ ಹಿಂದೆ ಕೂರಿಸಿದ್ದ ಸಣ್ಣ ಕ್ಯಾಮೆರಾ ಅದನ್ನು ನೋಡಿತ್ತು. ಪೊಲೀಸರು ಕೇಳಿದಾಗ ಅಪ್ಪ, "ಕ್ಯಾಮೆರಾ ಇಲ್ಲ" ಅಂದುಬಿಟ್ಟ. ಉಳಿದವನು ನಾನೊಬ್ಬ, ನಾನೂ ಹೋದರೆ ಎಂಬ ಹೆದರಿಕೆ. ನಾನೂ ಸುಮ್ಮನಿದ್ದೆ. ಆ ನಲವತ್ತು ದಿನ ಸುಮ್ಮನಿದ್ದುದಕ್ಕೆ ನನ್ನನ್ನು ನಾನೇ ಉಗಿದುಕೊಳ್ಳುತ್ತೇನೆ. ನಲವತ್ತನೇ ದಿನದ ಊಟ ಮುಗಿದು ನೆಂಟರು ಹೋದ ಮೇಲೆ ಅಮ್ಮ ಪಾತ್ರೆ ತೊಳೆಯುತ್ತ, ತಿರುಗಿ ನೋಡದೆ, "ಕೊಟ್ಟು ಬಾ ಅದನ್ನ," ಅಂದಳು. ನೆಂಟರಲ್ಲಿ ಯಾರೋ ಒಬ್ಬರು ಇನ್ನೂ ಅಂಗಳ ದಾಟಿರದೆ ಅದನ್ನು ಕೇಳಿಸಿಕೊಂಡರೋ ಏನೋ, ಮರುದಿನ ಬೆಳಗ್ಗೆಯೇ ಸುದ್ದಿ ಬಂತು, ಹೈಸಮನ ಕಡೆಯವರು ನಾಳೆ ಸಂಧಿಗೆ ಬರುತ್ತಾರೆ ಎಂದು. ಅವರಿಗೆ ಬೇಕಾದ್ದು ಒಂದೇ: ಆ ದೃಶ್ಯ ಪೊಲೀಸರಿಗೆ ಹೋಗಬಾರದು. ಅದು ಬೆರಳುದ್ದದ ಪೆನ್‌ಡ್ರೈವಿನಲ್ಲಿ ನನ್ನ ಅಂಗಿಯ ಜೇಬಿನಲ್ಲಿತ್ತು. ಕಾಫಿ ಸುರಿಯಲು ಬಗ್ಗಿದಾಗಲೆಲ್ಲ ಎದೆಗೆ ಒತ್ತುತ್ತಿತ್ತು.

"ಅಬು ಜವಾದ್," ಎಂದು ಶುರುಮಾಡಿದರು ಶೇಖ್ ಮುಫ್ಲಿಹ್. ಊರೂರು ತಿರುಗಿ ರಾಜಿ ಮಾಡಿಸುವ ಹಿರಿಯ, ಬೆರಳಲ್ಲಿ ಜಪಮಣಿ ನಿಲ್ಲದು. ಸತ್ತ ಮಗನ ಹೆಸರಿಂದಲೇ ಅಪ್ಪನನ್ನು ಇನ್ನೂ ಕರೆಯುತ್ತಾರೆ, ನಮ್ಮ ರೂಢಿ ಅದು. "ಹೋದವನು ನಿನ್ನ ಮಗ ಮಾತ್ರ ಅಲ್ಲ. ನಮ್ಮೆಲ್ಲರ ಮಗ."

"ಕೊಂದವನು ಯಾರ ಮಗ ಹಾಗಾದ್ರೆ?" ಎಂದೆ.

"ಬಾಸಿಲ್! ಬಾಯ್ಮುಚ್ಚು," ಅಪ್ಪ.

"ಮಾತಾಡ್ಲಿ ಬಿಡಪ್ಪ, ಎಳೇ ರಕ್ತ." ಶೇಖ್ ನನ್ನ ಕಡೆ ತಿರುಗಿದರು. "ನೋಡು ಮಗನೇ. ನೀನು ಅದನ್ನ ಕೊಟ್ಟೆ ಅಂತಿಟ್ಕೊ. ಹೈಸಮ್ ಒಳಗೆ ಹೋಗ್ತಾನೆ. ಅವನ ಜತೆಯವರು ಹತ್ತು ಜನ ಹೊರಗಿರ್ತಾರೆ. ನಿನ್ ಬೇಕರಿ ಕಾಯೋಕೆ ಆ ಪೊಲೀಸರು ಬರ್ತಾರಾ?"

"ನೀವು ಬರ್ತೀರಾ?"

"ನಾವು ಮಾತು ಕೊಡ್ತೀವಿ."

"ಜವಾದಿಗೂ ಕೊಟ್ಟಿದ್ರಲ್ಲ. ಮೈಕು ಕೆಳಗಿಡು, ಯಾರೂ ನಿನ್ನ ಮುಟ್ಟಲ್ಲ ಅಂತ. ಇಟ್ಟಿದ್ದ ಅವನು, ಕೆಳಗೆ."

ಕೊನೆಯಲ್ಲಿ ಕೂತಿದ್ದ ಕಮಾಲ್ ಮೇಷ್ಟ್ರು ತಮ್ಮ ಬೂಟು ನೋಡಿಕೊಂಡರು. ನನಗೂ ಹೈಸಮನಿಗೂ ಗಣಿತ ಕಲಿಸಿದವರು ಅವರೇ.

ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಾಫಿಪಾತ್ರೆಯನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ. ಬಟ್ಟಲುಗಳ ಅಂಚಿನಲ್ಲಿ ಕಂದು ಗೆರೆ ಒಣಗುತ್ತ ಬಂದಿತ್ತು. ಇನ್ನು ಐದು ನಿಮಿಷ, ಹೆಚ್ಚೆಂದರೆ ಹತ್ತು, ಮಾನವಿದ್ದರೆ ಏಳುತ್ತಾರೆ. ಒಳಬಾಗಿಲ ಪರದೆಯ ಕೆಳಗೆ ಅಮ್ಮನ ಕಾಲುಗಳು ಕಾಣುತ್ತಿದ್ದವು, ಬರಿಗಾಲು, ಅಲುಗದೆ.

ಆಗ ಹಿಂದಿನ ಕೋಣೆಯ ಬಾಗಿಲು ತೆರೆದು ಅಜ್ಜ ಬಂದ.

ಅಜ್ಜನಿಗೆ ಮೂರು ವರ್ಷದಿಂದ ನೆನಪು ಕೈಕೊಟ್ಟಿದೆ. ದಿನಾ ಬೆಳಗ್ಗೆ ಜವಾದ್ ಎಲ್ಲಿ ಅನ್ನುತ್ತಾನೆ, ಹಿಟ್ಟಿನ ಗಿರಣಿಗೆ ಹೋಗಿದ್ದಾನೆ ಅನ್ನುತ್ತೇವೆ. ಅವತ್ತು ರೇಡಿಯೋ ಹಚ್ಚಿ ಒಳಗೆ ಕೂರಿಸಿದ್ದೆವು. ಕಿಟಕಿಯಿಂದ ಕಾರುಗಳ ಸಾಲು ನೋಡಿರಬೇಕು. ಹಬ್ಬದ ಮೇಲಂಗಿ ತಾನೇ ಹಾಕಿಕೊಂಡಿದ್ದ, ಗುಂಡಿ ಒಂದು ಮೇಲೆ ಒಂದು ಕೆಳಗೆ. ತಲೆಯ ಬಿಳಿವಸ್ತ್ರದ ಮೇಲೆ ಕರಿಯ ಹುರಿ ಓರೆಯಾಗಿ ಕೂತಿತ್ತು. ಎಲ್ಲರೂ ಎದ್ದು ನಿಂತರು. ಅಜ್ಜ ಒಂದೊಂದು ಮುಖವನ್ನೂ ನೋಡಿ ನಕ್ಕ. ಆಮೇಲೆ ಮೇಜುಗಳ ಮೇಲೆ ಕಣ್ಣು ಬಿತ್ತು.

"ಇದೇನ್ರಯ್ಯ! ನನ್ ಮನೇಲಿ ಬಟ್ಟಲು ಹೀಗೇ ಕೂತಿದೆ! ಓಹೋ, ಹೆಣ್ಣು ಕೇಳೋಕೆ ಬಂದಿದೀರಾ?"

"ಅಜ್ಜ, ಬಾ ಒಳಗೆ," ಎಂದು ನಾನು ಅವನ ತೋಳು ಹಿಡಿದೆ.

"ಬಿಡೋ, ನೀನ್ಯಾವನೋ ನನ್ನ ಎಳೆಯೋಕೆ! ಇಷ್ಟು ಜನ ದೊಡ್ಡೋರು ಬಂದಿದಾರೆ. ಈ ಮನೆಯಿಂದ ಯಾರಾದ್ರೂ ಬರಿಗೈಲಿ ಹೋಗಿದಾರಾ? ಕುಡೀರಿ, ಕುಡೀರಿ. ನೀವು ಕೇಳಿದ್ದು ನಿಮ್ಮದು." ಅಷ್ಟು ಹೇಳಿ ಒಳಕ್ಕೆ ಕೂಗಿದ, "ಜವಾದ್! ಲೋ ಜವಾದ್, ಸಿಹಿ ತಾರೋ!"

ಶೇಖ್ ಮುಫ್ಲಿಹ್ ಅಜ್ಜನನ್ನು ನೋಡಿದರು. ಅವರಿಗೆ ಗೊತ್ತಿತ್ತು. ಅಜ್ಜನ ಸ್ಥಿತಿ ಗೊತ್ತಿಲ್ಲದವನು ಆ ಕೋಣೆಯಲ್ಲಿ ಅಜ್ಜ ಒಬ್ಬನೇ. ಶೇಖ್ ಬಗ್ಗಿದರು, ಬಟ್ಟಲು ಎತ್ತಿದರು, "ನಿಮ್ಮ ಮನೆ ತುಂಬಿರಲಿ ಹಾಜ್ ಉಬೈದ್" ಎಂದು ಒಂದೇ ಗುಟುಕಿಗೆ ಮುಗಿಸಿದರು. ಅವರ ಹಿಂದೆ ಉಳಿದವರ ಕೈಗಳು ಮೇಲೆದ್ದವು.

"ಅಜ್ಜನಿಗೆ ತಿಳಿಯಲ್ಲ!" ನಾನು ಕಿರುಚಿದೆ. "ನಿಮಗೆ ಗೊತ್ತು ಅವನಿಗೆ ತಿಳಿಯಲ್ಲ ಅಂತ! ಇಡ್ರೋ ಕೆಳಗೆ!"

"ಮನೆಯ ಹಿರಿಯ ಹೇಳಿದ್ದಾರೆ," ಎಂದರು ಶೇಖ್ ಮೆಲ್ಲಗೆ. "ನಿಮ್ಮಜ್ಜನ ಮಾತು ಮಾತಲ್ಲ ಅಂತ ಊರಿಗೆ ಸಾರ್ತೀಯಾ? ಸಾರು."

ಕಮಾಲ್ ಮೇಷ್ಟ್ರು ಕೊನೆಗೆ ಕುಡಿದರು, ಕಣ್ಣು ಮುಚ್ಚಿಕೊಂಡು. ಕುಡಿದದ್ದಂತೂ ಹೌದು.

ನಾನು ಅಪ್ಪನ ಕಡೆ ನೋಡಿದೆ. ಹೆಗಲ ಮೇಲಿನ ಹಿಟ್ಟಿನ ಮೂಟೆ ಇಳಿಸಿದಾಗ ಅವನ ಮುಖ ಹೇಗಾಗುತ್ತದೋ ಹಾಗೇ ಆಗಿತ್ತು. ಅದನ್ನು ನಾನು ಕ್ಷಮಿಸಲಾರೆ. ಅವನು ನನಗಾಗಿಯೇ ಹಾಗೆ ಹಗುರಾದ ಎಂಬುದು ಗೊತ್ತಿದ್ದೂ.

ಪರದೆ ಸರಿಯಿತು. ಗಂಡಸರ ನಡುವೆ ಅಮ್ಮ ತಟ್ಟೆ ಹಿಡಿದು ಬಂದಳು, ಒಂದೊಂದೇ ಖಾಲಿ ಬಟ್ಟಲು ಎತ್ತಿ ತಟ್ಟೆಗೆ ಕುಕ್ಕಿದಳು. ಶೇಖ್ ಅವರ ಮುಂದೆ ನಿಂತು, "ಹೊಟ್ಟೆ ತಣ್ಣಗಾಯ್ತಾ?" ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ನನ್ನ ಹತ್ತಿರ ಬಂದಾಗ ಅವಳು ನನ್ನ ಮುಖ ನೋಡಲಿಲ್ಲ, ಜೇಬು ನೋಡಿದಳು.

ನಾನು ಬೇಕರಿಯ ವ್ಯಾನು ಹತ್ತಿದೆ.

ನಮ್ಮೂರಿಗೆ ಪೊಲೀಸ್ ಠಾಣೆ ಮೇಲಿನ ಪಟ್ಟಣದಲ್ಲಿದೆ. ಅಲ್ಲಿ ರಸ್ತೆಯ ಎರಡೂ ಬದಿ ಹೂವು, ಗಂಟೆಗೊಮ್ಮೆ ತಾನೇ ಚಿಮ್ಮುವ ನೀರು. ಆ ಬೀದಿಗಳಿಗೆಲ್ಲ ಕಲ್ಲು ಹಾಸಿದವರು ನಮ್ಮೂರವರು. ಗೇಟಿನಲ್ಲಿ ನನ್ನ ಬೂಟು ಬಿಚ್ಚಿಸಿದರು, ಹಿಟ್ಟಿನ ಧೂಳು ಉದುರಿತು. ಕಾವಲಿನವನು ಅದನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿದ.

ತನಿಖಾಧಿಕಾರಿ ಎರೆಜ್ ನನ್ನನ್ನು ಕಂಡೊಡನೆ ಕೈ ಚಾಚಿದ. ಸೈನ್ಯದಲ್ಲಿ ಕಲಿತ ಅರಬ್ಬಿ ಅವನದು, ಅದರಲ್ಲಿ ಆಜ್ಞೆಗಳೇ ಹೆಚ್ಚು.

"ಕೂತ್ಕೋ. ಸಂಧಿ ಆಯ್ತಂತೆ? ಒಳ್ಳೇದಾಯ್ತು."

ನಾನು ಗುಡ್ಡ ಹತ್ತಿ ಬರುವುದಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ.

"ಯಾರು ಹೇಳಿದ್ದು?"

"ನಮಗೂ ಕಿವಿ ಇದೆ ಮಾರಾಯ."

"ಕಿವಿ ಇಷ್ಟು ಚುರುಕಿದ್ದೂ ಕೊಂದವನು ಯಾರಂತ ಕೇಳಿಸ್ಲಿಲ್ವಾ?" ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟೆ. "ಮುಖ ಇದೆ ಇದರಲ್ಲಿ. ಕಡತ ತೆಗಿ."

ಎರೆಜ್ ಅದನ್ನು ಮುಟ್ಟಲಿಲ್ಲ. ಕುರ್ಚಿಗೊರಗಿದ. "ನೋಡು, ನಿಮ್ಮ ಪದ್ಧತಿ ಬಗ್ಗೆ ನನಗೆ ಗೌರವ ಇದೆ. ಹಿರಿಯರು ಕೂತು ಬಗೆಹರಿಸ್ಕೋತೀರಿ, ಚೆನ್ನಾಗಿದೆ. ಇದನ್ನ ತಗೊಂಡ್ರೆ ಸಾಕ್ಷಿ ಅಂತ ನಿನ್ ಹೆಸರು ಬರೀಬೇಕು. ನಾಳೆ ನಿನ್ ಬೇಕರಿಗೆ ಬೆಂಕಿ ಬಿದ್ರೆ ನಿಲ್ಸೋಕೆ ನನ್ ಹತ್ರ ಜನ ಇಲ್ಲ. ಮನೆಗೆ ಹೋಗು. ಯೋಚ್ನೆ ಮಾಡು. ಭಾನುವಾರ ಬಾ."

"ನಮ್ ಚಿಕ್ಕಪ್ಪನ ಆಡಿನ ಗೂಡು ಕೆಡವೋಕೆ ನಲವತ್ತು ಪೊಲೀಸ್ರು ಬಂದಿದ್ರು. ಎಣಿಸಿದೀನಿ ನಾನು."

"ಅದು ಬೇರೆ ಇಲಾಖೆ." ಎದ್ದು ಹೋಗಿ ಯಂತ್ರದಿಂದ ಕಾಗದದ ಲೋಟದಲ್ಲಿ ಕಾಫಿ ತಂದು ನನ್ನ ಮುಂದಿಟ್ಟ. "ತಗೋ, ಕುಡಿ. ಸಿಟ್ಟು ಇಳೀಲಿ."

ಅವನು ಬೇರೆ ಕಾಗದ ತಿರುವಲು ಶುರುಮಾಡಿದ. ನಾನು ಲೋಟವನ್ನು ಒಂದು ಗೇಣು ದೂರ ಸರಿಸಿದೆ, ಕೈ ಹಿಂದಕ್ಕೆಳೆದುಕೊಂಡೆ. ಯೋಚಿಸಿ ಮಾಡಿದ್ದಲ್ಲ. ಕೈ ತಾನಾಗಿ ಮಾಡಿತು.

ಫೋನು ತೊಡೆಯ ಮೇಲೆ ಗುಂಯ್‌ಗುಡುತ್ತಿತ್ತು. ಅಪ್ಪ. ಮತ್ತೆ ಅಪ್ಪ. ಅರ್ಧ ಗಂಟೆ ಹೋಯಿತು. ಎರೆಜ್ ಎರಡು ಫೋನು ಮಾಡಿದ, ಒಂದು ಸ್ಯಾಂಡ್‌ವಿಚ್ ತಿಂದ.

"ಇನ್ನೂ ಕೂತಿದೀಯಾ? ಕಾಫಿ ಆರಿ ಹೋಯ್ತಲ್ಲೋ. ಬೇರೆ ತರ್ಲಾ?"

"ಬೇಡ."

ಕಸದ ಬುಟ್ಟಿ ಖಾಲಿ ಮಾಡಲು ಹೆಂಗಸೊಬ್ಬಳು ಬಂದಳು. ನುಹಾ, ನಮ್ಮೂರ ಮೇಲಿನ ಕೇರಿಯವಳು. ಜವಾದಿನ ಕೈಯಿಂದ ವರ್ಷಗಟ್ಟಲೆ ರೊಟ್ಟಿ ಕೊಂಡವಳು. ನನ್ನನ್ನು ನೋಡಿಯೂ ನೋಡದಂತೆ ಮೇಜು ಒರೆಸಿದಳು. ತುಂಬಿದ ಲೋಟದ ಹತ್ತಿರ ಬಟ್ಟೆ ನಿಂತಿತು. ಒಂದು ಕ್ಷಣ. ಆಮೇಲೆ ಅದರ ಸುತ್ತ ಒರೆಸಿದಳು, ಲೋಟ ಅಲ್ಲಾಡದಂತೆ.

"ಅದನ್ನ ತಗೊಂಡು ಹೋಗು," ಎಂದ ಎರೆಜ್.

"ತಗೊಳ್ಳೋ ಹಾಗಿಲ್ಲ ಸಾರ್," ಎಂದಳು ಅವಳು ನೆಲ ನೋಡುತ್ತ. "ನೀವು ಬರ್ಕೊಳ್ಳೋ ತನಕ ಅವನು ಕುಡಿಯಲ್ಲ. ಏಳೋದೂ ಇಲ್ಲ."

ಅವಳು ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು. ಎರೆಜ್ ನಗಲು ಹೊರಟವನು ನನ್ನ ಮುಖ ನೋಡಿ ನಿಲ್ಲಿಸಿದ. ಗಡಿಯಾರ ನೋಡಿದ. ಕೊನೆಗೆ ಏನೋ ಗೊಣಗಿ ಖಾನೆಯಿಂದ ನಮೂನೆಯ ಕಾಗದ ಎಳೆದ. ನನ್ನ ಮೇಲಿನ ಕರುಣೆಯಿಂದಲ್ಲ; ಶುಕ್ರವಾರ ಅದು, ಸಂಜೆಗೆ ಅವರ ವಾರದ ರಜೆ ಶುರು, ಅವನಿಗೆ ಬೇಗ ಮನೆಗೆ ಹೋಗಬೇಕಿತ್ತು.

"ನಂಬರು ಹಾಕಿದ ರಸೀದಿ ಬೇಕು," ಎಂದೆ.

"ಕೊಡ್ತೀನಿ. ಹೆಸರು?"

"ಬಾಸಿಲ್."

"ಅಪ್ಪನ ಹೆಸರು?"

"ಮುನೀಫ್."

"ಅಜ್ಜನ ಹೆಸರು?"

ಫೋನು ಮತ್ತೆ ನಡುಗಿತು. ಮನೆಯಲ್ಲಿ ಅಜ್ಜ ಇನ್ನೂ ಆ ಹಬ್ಬದ ಅಂಗಿಯಲ್ಲೇ ಕೂತಿರುತ್ತಾನೆ, ಸಿಹಿ ಬರಲೆಂದು ಕಾಯುತ್ತ. ಆಯುಷ್ಯದಲ್ಲಿ ಒಮ್ಮೆಯೂ ಕೊಟ್ಟ ಮಾತು ಮುರಿಯದ ಮನುಷ್ಯ.

"ಅಜ್ಜನ ಹೆಸರು ಕೇಳ್ದೆ."

"ಉಬೈದ್," ಎಂದೆ.

ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು.