ಒಬ್ಬಳೇ ಇದ್ದ ವಿಭಾಗ

ಅವಳು ತೂಕದ ಯಂತ್ರದಿಂದ ಇಳಿದ ಮೇಲೂ ಗುಮಾಸ್ತ ಅವಳ ಹೆಸರಿನ ಮುಂದೆ ಏನನ್ನೂ ಬರೆಯಲಿಲ್ಲ. ಪೆನ್ನನ್ನು ಹಾಳೆಯ ಮೇಲೆ ಸುಮ್ಮನೆ ಆಡಿಸುತ್ತ, ಸ್ವಲ್ಪ ಪಕ್ಕಕ್ಕೆ ನಿಂತಿರಿ ಮೇಡಂ ಎಂದ. ಅವಳು ನಿಂತಳು. ಸ್ಪರ್ಧೆಗೆಂದು ಮೈಗೆಲ್ಲ ಬಳಿದುಕೊಂಡಿದ್ದ ಕಂದು ಬಣ್ಣ ಕಲಸಿಹೋಗದಿರಲೆಂದು ತೋಳುಗಳನ್ನು ಮೈಯಿಂದ ಒಂದು ಗೇಣು ದೂರ ಹಿಡಿದುಕೊಂಡಿದ್ದಳು. ಹಿಂದಿದ್ದ ಹುಡುಗಿಯರು ಎತ್ತರದ ಹಿಮ್ಮಡಿಯ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಒಬ್ಬೊಬ್ಬರಾಗಿ ಮುಂದೆ ಸಾಗಿದರು.

ಸಾಲು ಕರಗಿದ ಮೇಲೆ ಗುಮಾಸ್ತ ವಿಷಯ ಹೇಳಿದ. ಹೆಂಗಸರ ದೇಹದಾರ್ಢ್ಯಕ್ಕೆ ಈ ಸಲ ಅವಳೊಬ್ಬಳೇ ಹೆಸರು ಕೊಟ್ಟಿದ್ದಳು. ಮೂರು ಜನರಿಲ್ಲದೆ ವಿಭಾಗ ನಡೆಸುವ ಹಾಗಿಲ್ಲ. ಮುಂದಿನ ವರ್ಷದಿಂದ ವಿಭಾಗವೇ ಇರುವುದಿಲ್ಲ. ಬೇಕಾದರೆ ಹೊಸ ಫಿಸಿಕ್ ವಿಭಾಗಕ್ಕೆ ಹೆಸರು ಬರೆಸಬಹುದು.

ಅವಳು ಮುಖ್ಯ ತೀರ್ಪುಗಾರ್ತಿಯನ್ನು ಹುಡುಕಿಕೊಂಡು ಹೋದಳು. ಅರವತ್ತರ ಆಸುಪಾಸಿನ ಆ ಹೆಂಗಸು ಸ್ವತಃ ಹಿಂದೊಮ್ಮೆ ಸ್ಪರ್ಧಿಸಿದವರೇ. ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಫಿಸಿಕ್‌ನಲ್ಲಿ ಏನು ನೋಡುತ್ತಾರೆಂದು ಸಮಾಧಾನವಾಗಿ ವಿವರಿಸಿದರು. ಅಲ್ಲಿ ಮುಷ್ಟಿ ಕಟ್ಟುವಂತಿಲ್ಲ. ತೋಳೆತ್ತಿದರೂ ಅಂಗೈ ಬಿಚ್ಚಿರಬೇಕು. ಸ್ನಾಯು ಕಾಣಬೇಕು, ಆದರೆ ಅತಿಯಾಗಬಾರದು.

"ಅತಿ ಅಂದ್ರೆ ಎಷ್ಟು?" ಅವಳು ಕೇಳಿದಳು.

"ನೋಡಿದ್ರೆ ಗೊತ್ತಾಗುತ್ತೆ."

ಅವರು ಅವಳ ಭುಜದ ಕಡೆ ನೋಡಿ, ಹಾಗೆ ನೋಡಿದ್ದಕ್ಕೆ ನಾಚಿಕೊಂಡಂತೆ ಮುಖ ತಿರುಗಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ನಾನು ಮೊದಲನೇ ಸಲ ಸ್ಟೇಜ್ ಹತ್ತಿದಾಗ ನಾವು ನಾಲ್ಕೇ ಜನ. ನೋಡೋಕೆ ಬಂದವರು ನಗೋಕೇ ಅಂತ ಬಂದಿದ್ರು. ಇವತ್ತು ಆ ಪರದೆ ಹಿಂದೆ ಐವತ್ತು ಹುಡುಗಿಯರಿದ್ದಾರೆ. ಅವರ ಅಮ್ಮಂದಿರು ಬಂದು ಮುಂದಿನ ಸಾಲಲ್ಲಿ ಕೂತಿದ್ದಾರೆ. ಇದನ್ನ ನಾನು ಹೇಗೆ ಬೇಡ ಅನ್ನಲಿ?"

"ಬೇಡ ಅನ್ನಿ ಅಂತ ನಾನೂ ಹೇಳ್ತಿಲ್ಲ. ಅದೂ ಇರಲಿ, ಇದೂ ಇರಲಿ."

"ಇದಕ್ಕೆ ಯಾರೂ ಬರ್ತಿಲ್ವಲ್ಲಮ್ಮ."

ನಾನು ಬಂದಿದೀನಲ್ಲ ಎಂಬ ಮಾತು ಅವಳ ಬಾಯಿ ತನಕ ಬಂತು. ಆಡಿದರೆ ಅಳು ಬರಬಹುದೆಂದು ಅನುಮಾನವಾಗಿ, ಆಗಲಿ ಎಂದು ಎದ್ದಳು. ಬಣ್ಣದ ಮೈಮೇಲೆ ಉದ್ದ ತೋಳಿನ ಅಂಗಿ ಹಾಕಿಕೊಂಡು ಬಸ್ಸು ಹಿಡಿದಳು.

ಅವಳಿಗೆ ನಲವತ್ತನಾಲ್ಕು. ಆಸ್ಪತ್ರೆಯೊಂದರಲ್ಲಿ ವಾರ್ಡಿನ ಕೆಲಸ. ಏಳಲಾಗದವರನ್ನು ಮಂಚದಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಮಂಚಕ್ಕೆ ಸಾಗಿಸಬೇಕು. ಇಬ್ಬರು ಸೇರಿ ಎತ್ತಬೇಕಾದ ರೋಗಿಗಳನ್ನು ಒಬ್ಬಳೇ ಎತ್ತುತ್ತಿದ್ದಳೆಂದು ನರ್ಸುಗಳು ಕ್ರೇನಕ್ಕ ಎಂದು ಹೆಸರಿಟ್ಟಿದ್ದರು. ಆದರೆ ಅವಳು ತೋಳು ಬೆಳೆಸಿದ್ದು ವಾರ್ಡಿಗಾಗಿ ಅಲ್ಲ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಬೆನ್ನುನೋವಿಗೆಂದು ಜಿಮ್ಮಿಗೆ ಸೇರಿದ್ದಳು. ಆರು ತಿಂಗಳಾದ ಮೇಲೆ ಒಂದು ದಿನ ಕನ್ನಡಿಯಲ್ಲಿ ಭುಜದ ಹಿಂಬದಿಗೆ ತೆಳ್ಳಗೆ ಗೆರೆಯೊಂದು ಮೂಡಿದ್ದು ಕಂಡಿತು. ಇದು ಇಷ್ಟು ದಿನ ಎಲ್ಲಿತ್ತು ಎಂದುಕೊಂಡಳು. ಅಲ್ಲಿಂದ ಇಪ್ಪತ್ತೊಂದು ವರ್ಷ ಅಂಥ ಗೆರೆಗಳನ್ನು ಒಂದೊಂದಾಗಿ ಹೊರಗೆ ತಂದಿದ್ದಳು. ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ಅವಳ ತೋಳಿನ ತನಕ ಬಂದು ನಿಂತುಬಿಟ್ಟಿತ್ತು. ತನಗೆ ಅದರಿಂದ ನಷ್ಟವೇನೂ ಆಗಿಲ್ಲವೆಂದು ಅವಳು ಅಕ್ಕನಿಗೆ ಹೇಳುತ್ತಿದ್ದಳು. ಅಕ್ಕ ನಂಬುತ್ತಿರಲಿಲ್ಲ.

ಸ್ಪರ್ಧೆ ತಪ್ಪಿದ ವಾರವೇ ಹಲ್ಲಿನ ಡಾಕ್ಟರಾಗಿದ್ದ ಹಳೆಯ ಗೆಳತಿ ಫೋನ್ ಮಾಡಿದಳು. ಹನ್ನೆರಡು ವರ್ಷ ಇವಳ ಎದುರು ಸ್ಪರ್ಧಿಸಿ, ಒಮ್ಮೆ ಗೆದ್ದು ಒಮ್ಮೆ ಸೋತು, ಎರಡು ವರ್ಷದ ಕೆಳಗೆ ಹೊಸ ವಿಭಾಗಕ್ಕೆ ಹೋದವಳು. ತಾನು ಹೋದದ್ದರಿಂದಲೇ ಇವಳು ಒಂಟಿಯಾದಳೆಂಬ ಅಳುಕು ಅವಳಿಗಿತ್ತು. ನೀನೂ ಬಂದುಬಿಡು, ಏಳೆಂಟು ಕೆಜಿ ಇಳಿಸಿದರೆ ಸಾಕು, ನಾನು ಹೇಳಿಕೊಡುತ್ತೇನೆ ಎಂದಳು. ಸ್ಪರ್ಧೆ ಇಲ್ಲದೆ ಎಷ್ಟು ದಿನ ಕಬ್ಬಿಣ ಎತ್ತುತ್ತೀಯ ಎಂದೂ ಕೇಳಿದಳು. ಇವಳು ಸರಿ ಎಂದಳು.

ಕಡಿಮೆಯಾಗುವುದು ಬೆಳೆಯುವುದಕ್ಕಿಂತ ಸುಲಭವೆಂದು ತಿಳಿದಿದ್ದಳು. ಹಾಗೇನೂ ಇರಲಿಲ್ಲ. ಭಾರದ ತಟ್ಟೆಗಳನ್ನು ಮುಟ್ಟದೆ ಗಂಟೆಗಟ್ಟಲೆ ನಡೆಯಬೇಕು, ಊಟದ ತಟ್ಟೆಯಲ್ಲಿ ಅರ್ಧ ಬಿಡಬೇಕು. ಮೈ ಮೊದಮೊದಲು ಒಪ್ಪಲಿಲ್ಲ. ಆಮೇಲೆ ಒಪ್ಪಿತು, ಒಪ್ಪಿದ್ದೇ ತಡ ಸರಸರನೆ ಇಳಿಯಿತು. ಮೂರು ವರ್ಷ ಹೆಣಗಿ ತಂದುಕೊಂಡಿದ್ದ ತೊಡೆಯ ಹೊರಮೈ ಮೂರು ತಿಂಗಳಲ್ಲಿ ಹೋಯಿತು. ಸ್ನಾನ ಮಾಡುವಾಗ ಉಬ್ಬುತಗ್ಗಿಲ್ಲದ ಮೈಮೇಲೆ ಸೋಪು ಬೇಗ ಬೇಗ ಜಾರಿಹೋಗುತ್ತಿತ್ತು.

ಅದೇ ಹೊತ್ತಿಗೆ ಆಸ್ಪತ್ರೆಗೆ ರೋಗಿಗಳನ್ನು ಎತ್ತುವ ಯಂತ್ರ ಬಂತು. ಬಟ್ಟೆಯ ಜೋಲಿಯನ್ನು ಮೈ ಕೆಳಗೆ ಸೇರಿಸಿ ಗುಂಡಿ ಒತ್ತಿದರೆ ಎಂಥವರೂ ಮೇಲೇಳುತ್ತಿದ್ದರು. ಒಂದು ಕಡೆ ಇವಳ ಶಕ್ತಿ ಇಳಿಯುತ್ತಿದ್ದರೂ ವಾರ್ಡಿನಲ್ಲಿ ಯಾವ ಕೆಲಸವೂ ನಿಲ್ಲಲಿಲ್ಲ. ನರ್ಸುಗಳು ಈಗೆಷ್ಟು ಲಕ್ಷಣವಾಗಿ ಕಾಣ್ತೀರ ಎಂದರು. ಒಬ್ಬಳು ಏನು ತಿನ್ನುತ್ತೀರೆಂದು ಕೇಳಿ ಬರೆದುಕೊಂಡಳು. ಕ್ರೇನಕ್ಕ ಎಂಬ ಹೆಸರು ಯಾರೂ ತೀರ್ಮಾನ ಮಾಡದೆಯೇ ತಾನಾಗಿ ನಿಂತುಹೋಯಿತು.

ಭಾನುವಾರಗಳಂದು ಹಲ್ಲಿನ ಡಾಕ್ಟರು ತನ್ನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ನಡಿಗೆ, ನಗು, ಕೈಯ ಭಂಗಿ ಎಲ್ಲ ಕಲಿಸಿದಳು. ತೋಳೆತ್ತಿದಾಗೆಲ್ಲ ಇವಳ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತಿದ್ದವು. ಡಾಕ್ಟರು ಬಂದು ಒಂದೊಂದೇ ಬೆರಳನ್ನು ಬಿಡಿಸುತ್ತಿದ್ದಳು. ಒಂದು ಸಲ ಹಾಗೆ ಬಿಡಿಸುತ್ತ, ತಲೆ ಎತ್ತದೆ, "ನಂಗೂ ಹಳೇದೇ ಇಷ್ಟ ಇತ್ತು ಕಣೆ. ಆದ್ರೆ ನಂಗೆ ಒಬ್ಬಳೇ ನಿಂತ್ಕೊಳ್ಳೋಕೆ ಆಗಲ್ಲ" ಎಂದಳು.

ಮರುವರ್ಷ ಫಿಸಿಕ್‌ನಲ್ಲಿ ತನ್ನ ಗುಂಪಿನ ಹನ್ನೊಂದು ಜನರಲ್ಲಿ ಇವಳು ಮೂರನೆಯವಳಾದಳು. ಅಂಗೈ ಬಿಚ್ಚಿಯೇ ಇತ್ತು. ಮುಖ್ಯ ತೀರ್ಪುಗಾರ್ತಿ ಪದಕ ಹಾಕುತ್ತ ಕಿವಿಯ ಹತ್ತಿರ, ಎಷ್ಟು ಚೆನ್ನಾಗಿ ಬಂದಿದೀರಿ ನೋಡಿ ಎಂದು ಮನಸಾರೆ ಹೇಳಿದರು. ಮುಂದಿನ ಸಾಲಿನ ಅಮ್ಮಂದಿರು ಅವಳಿಗೂ ಚಪ್ಪಾಳೆ ತಟ್ಟಿದರು. ಇಷ್ಟು ವರ್ಷಗಳಲ್ಲಿ ಯಾರೂ ನಗದ ಸಭೆ ಅದೊಂದೇ. ಸಂತೋಷವಾಗಲಿಲ್ಲವೆಂದರೆ ಸುಳ್ಳಾದೀತು.

ಮರುದಿನ ಅಕ್ಕನ ಮನೆಗೆ ಹೋಗಿ ಫೋನಿನಲ್ಲಿ ಫೋಟೋ ತೋರಿಸಿದಳು. ಹನ್ನೊಂದು ಜನ ಒಂದೇ ಸಾಲಿನಲ್ಲಿ, ಒಂದೇ ಭಂಗಿಯಲ್ಲಿ ನಿಂತಿದ್ದರು. ಅಕ್ಕ ಕನ್ನಡಕ ಏರಿಸಿ, ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಇದ್ರಲ್ಲಿ ನೀನ್ಯಾರೇ?"

ಅವಳು ಬೆರಳಿಟ್ಟು ತೋರಿಸಿದಳು. ಅಕ್ಕ ಖುಷಿಯಿಂದ, ಈಗ ಎಲ್ಲರ ಹಾಗೆ ಕಾಣ್ತೀಯ ಎಂದಳು. ಆಮೇಲೆ ಬಡಿಸಲು ಒಳಗೆ ಹೋದಳು. ಇವಳು ಫೋಟೋವನ್ನು ಇನ್ನೊಮ್ಮೆ ನೋಡಿದಳು. ಬೆರಳಿಟ್ಟದ್ದು ಪಕ್ಕದವಳ ಮೇಲೆ. ತನ್ನನ್ನು ಗುರುತಿಸುವಲ್ಲಿ ತಾನೇ ತಪ್ಪಿದ್ದಳು.

ಆ ವಾರ ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ಸಲಕ್ಕೆ ತನ್ನ ಹೆಸರು ಬೇಡ ಎಂದಳು. ಡಾಕ್ಟರು ಬಹಳ ಹೊತ್ತು ಮಾತಾಡಿದಳು. ಕೊನೆಗೆ, ಹಾಗಾದರೆ ಯಾವುದಕ್ಕೆ ಅಂತ ಎತ್ತುತ್ತೀಯ ಎಂದು ಹಳೆಯ ಪ್ರಶ್ನೆಯನ್ನೇ ಕೇಳಿದಳು. ಗೊತ್ತಿಲ್ಲ ಎಂದಳು ಇವಳು. ಡಾಕ್ಟರ ಕರೆಗಳು ತಿಂಗಳಿಗೊಂದಾದವು, ಆಮೇಲೆ ಅದೂ ಇಲ್ಲ.

ಜಿಮ್ಮಿನಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರೂ ಇರುತ್ತಿರಲಿಲ್ಲ. ಬೆಳಗಿನ ಪಾಳಿ ಮುಗಿಸಿ ಅವಳು ಆ ಹೊತ್ತಿಗೆ ಹೋಗತೊಡಗಿದಳು. ಮೊದಲ ದಿನ ಭಾರದ ತಟ್ಟೆ ಹಾಕದ ಖಾಲಿ ಸರಳಿಗೇ ತೊಡೆ ನಡುಗಿತು. ಒಂದು ವರ್ಷ ಹಿಡಿಯಿತು, ಹಳೆಯ ಭಾರದ ಹತ್ತಿರಕ್ಕೆ ಬರಲು. ಪೂರ್ತಿ ಬರಲಿಲ್ಲ, ವಯಸ್ಸೂ ಆಗಿತ್ತು. ಆದರೂ ಒಂದು ಮಧ್ಯಾಹ್ನ ಭುಜದ ಹಿಂದಿನ ಗೆರೆ ಮತ್ತೆ ಬಂದಿರುವುದು ಕಂಡಿತು.

ಅವತ್ತು ಅವಳು ಕನ್ನಡಿಯ ಮುಂದೆ ಬರಿಗಾಲಲ್ಲಿ ನಿಂತು ಹಳೆಯ ಭಂಗಿಗಳನ್ನೆಲ್ಲ ಕ್ರಮವಾಗಿ ಮಾಡಿದಳು. ಎದೆ, ಬೆನ್ನು, ಹೊಟ್ಟೆ, ತೊಡೆ. ಕೊನೆಗೆ ಎರಡೂ ತೋಳೆತ್ತಿ ಮುಷ್ಟಿ ಬಿಗಿದು, ಉಸಿರು ಹಿಡಿದು ನಿಂತಳು. ನೆಲ ಒರೆಸಲು ಬಂದಿದ್ದ ಹೊಸ ಹೆಂಗಸು ಬಕೆಟ್ಟು ಕೆಳಗಿಟ್ಟು, ಕೋಲಿನ ಮೇಲೆ ಗದ್ದ ಊರಿ, ಮುಗಿಯುವ ತನಕ ನೋಡಿದಳು.

"ಸ್ಪರ್ಧೆ ಯಾವಾಗಕ್ಕ?" ಎಂದು ಕೇಳಿದಳು.

"ಯಾವುದೂ ಇಲ್ಲ."

ಹೆಂಗಸು ತಲೆಯಾಡಿಸಿ ಬಟ್ಟೆ ಹಿಂಡಿ ಒರೆಸತೊಡಗಿದಳು. ಬಾಗಿಲಿನಿಂದ ಶುರುಮಾಡಿ ಗೋಡೆಯ ಉದ್ದಕ್ಕೂ ಒರೆಸುತ್ತ ಬಂದು, ಇವಳ ಕಾಲಿನ ಸುತ್ತ ಒಂದು ಸುತ್ತು ತಿರುಗಿಸಿ, ಬಕೆಟ್ಟು ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು. ನೆಲ ತುಂಬ ನೀರು ಹೊಳೆಯುತ್ತಿತ್ತು. ಮಧ್ಯೆ ಒಂದು ಮೊಳದಷ್ಟು ಒಣ ಜಾಗದಲ್ಲಿ, ಚಪ್ಪಲಿಗಳು ಆಚೆ ಬಾಗಿಲ ಬಳಿ ಇದ್ದುದರಿಂದ, ಅವಳು ನೆಲ ಆರುವುದನ್ನೇ ಕಾಯುತ್ತ ನಿಂತಳು.